ಬಟ್ಟೆ ಸುತ್ತಿದ ಪ್ಲೇಟು

ಲೋಬೋ ಅವರ ಕಾಗದ ಬಂದದ್ದು ಗುರುವಾರ ಮಧ್ಯಾಹ್ನ. ಮುನಿಕೃಷ್ಣಪ್ಪ ಆ ಹೊತ್ತಿಗೆ ಪಾಲಕೋಡಿನ ಅಕ್ಕಿ ಗಿರಣಿಯಲ್ಲಿ ಆಯಿಲ್ ಇಂಜಿನ್ನನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಕೈಯೆಲ್ಲ ಗ್ರೀಸಾಗಿದ್ದರಿಂದ ಅಂಚೆಯವನು ಕಾಗದವನ್ನು ಅವನ ಅಂಗಿಯ ಜೇಬಿಗೆ ತುರುಕಿ ಹೋದ. ಇಂಜಿನ್ ಮತ್ತೆ ಸದ್ದು ಮಾಡುವಷ್ಟರಲ್ಲಿ ಸಂಜೆಯಾಯಿತು. ಕೈ ತೊಳೆದುಕೊಂಡು ಗಿರಣಿಯ ಜಗಲಿಯ ಮೇಲೆ ಕೂತು, ಇಂಗ್ಲಿಷಿನ ಒಂದೊಂದು ಪದವನ್ನೂ ಬೆರಳಿಟ್ಟು ಓದಿದ.

ನಾನೀಗ ಪೋದನೂರಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದೇನೆ ಎಂದು ಲೋಬೋ ಬರೆದಿದ್ದರು. ಮಗಳಿಗೆ ಆರು ತುಂಬಿದೆ, ಅವಳನ್ನು ಮದರಾಸಿನ ಬೋರ್ಡಿಂಗ್ ಸ್ಕೂಲಿಗೆ ಸೇರಿಸಬೇಕು. ಅಮ್ಮ ಹೇಗಿದ್ದಳು ಎಂದು ಕೇಳಿದಳು, ಫೋಟೋ ತೋರಿಸಿದೆ. ಅಮ್ಮನ ಧ್ವನಿ ಹೇಗಿತ್ತು ಎಂದು ಕೇಳಿದಳು, ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಆ ಬಟ್ಟೆ ಸುತ್ತಿದ ಗ್ರಾಮಫೋನ್ ಪ್ಲೇಟನ್ನು ನೀನು ಜೋಪಾನವಾಗಿಟ್ಟಿರುತ್ತೀಯ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಭಾನುವಾರ ಬೆಳಿಗ್ಗೆ ಮದರಾಸಿನ ಪ್ಯಾಸೆಂಜರ್ ಗಾಡಿಯಲ್ಲಿ ಹೋಗುತ್ತೇವೆ. ಸೇಲಂ ಜಂಕ್ಷನ್ನಿನಲ್ಲಿ ಇಂಜಿನ್ನಿಗೆ ನೀರು ತುಂಬಲು ಇಪ್ಪತ್ತು ನಿಮಿಷ ನಿಲ್ಲುತ್ತದೆ. ದಯವಿಟ್ಟು ಅದನ್ನು ಅಲ್ಲಿಗೆ ತಂದುಕೊಡು.

ಮೆಟ್ಟೂರು ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಷ್ಟು ದಿನ ಮುನಿಕೃಷ್ಣಪ್ಪ ಅಲ್ಲಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಲೋಬೋ ಅವನ ಫೋರ್‌ಮನ್. ಶನಿವಾರ ಸಂಜೆ ಕ್ಯಾಂಪಿನ ಕ್ಲಬ್ಬಿನಲ್ಲಿ ಬ್ಯಾಂಡ್ ಇರುತ್ತಿತ್ತು. ಲೋಬೋ ಕ್ಲಾರಿನೆಟ್ ಊದುತ್ತಿದ್ದರು, ಅವರ ಹೆಂಡತಿ ಹಾಡುತ್ತಿದ್ದರು. ಕ್ಲಬ್ಬಿನ ಹಿಂದೆ ಇದ್ದ ಡೈನಮೋ ನೋಡಿಕೊಳ್ಳಲು ಮುನಿಕೃಷ್ಣಪ್ಪನನ್ನು ಅಲ್ಲಿ ಕೂರಿಸುತ್ತಿದ್ದರು. ಅದಕ್ಕೆ ಜಾಝ್ ಎನ್ನುತ್ತಾರೆಂದು ಗೊತ್ತಾಗುವ ಎಷ್ಟೋ ಮೊದಲೇ ಅವನು ಆ ಸಂಗೀತಕ್ಕೆ ಮರುಳಾಗಿದ್ದ. ತಾಳ ಒಂದು ದಾರಿಯಲ್ಲಿ ಹೋದರೆ ರಾಗ ಇನ್ನೊಂದು ದಾರಿ ಹಿಡಿದು ಅಲೆದಾಡಿ, ಕೊನೆಗೆ ಎರಡೂ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು. ಪ್ರತಿ ಸಲವೂ ಈಗ ದಾರಿ ತಪ್ಪಿತು ಎಂದುಕೊಳ್ಳುತ್ತಿದ್ದ, ಪ್ರತಿ ಸಲವೂ ಅದು ಬಂದು ಸೇರುತ್ತಿತ್ತು.

ಮೂವತ್ತೆರಡನೇ ಇಸವಿಯಲ್ಲಿ ಆ ಬ್ಯಾಂಡಿನವರು ಮದರಾಸಿಗೆ ಹೋಗಿ, ತಮ್ಮ ಖುಷಿಗೆಂದು ಒಂದು ಪ್ಲೇಟು ಮಾಡಿಸಿಕೊಂಡು ಬಂದರು. ಮಾಡಿಸಿದ್ದು ಐವತ್ತೇ ಪ್ರತಿ. ಮರುವರ್ಷ ಮಳೆಗಾಲದಲ್ಲಿ ಕ್ಯಾಂಪಿಗೆ ಮಲೇರಿಯಾ ಬಂದು, ನಾಲ್ಕೇ ದಿನದಲ್ಲಿ ಲೋಬೋ ಅವರ ಹೆಂಡತಿ ತೀರಿಕೊಂಡರು. ಅಣೆಕಟ್ಟು ಮುಗಿದು ಎಲ್ಲರೂ ಚದುರಿ ಹೋಗುವಾಗ ಲೋಬೋ ತಮ್ಮ ಪೆಟ್ಟಿಗೆ ಗ್ರಾಮಫೋನನ್ನೂ ಇದ್ದ ಪ್ಲೇಟುಗಳನ್ನೂ ಮುನಿಕೃಷ್ಣಪ್ಪನ ಮನೆಗೆ ಕಳಿಸಿಬಿಟ್ಟರು. ಹಸಿರು ಚೌಕಳಿ ಬಟ್ಟೆಯಲ್ಲಿ ಸುತ್ತಿದ್ದ ಆ ಬ್ಯಾಂಡಿನ ಪ್ಲೇಟೊಂದನ್ನು ಮಾತ್ರ ತಾವೇ ತಂದು ಕೊಟ್ಟು, ಇದನ್ನು ಹಾಕಬೇಡ, ಯಾರಿಗೂ ಕೊಡಬೇಡ ಎಂದಿದ್ದರು.

ಮುನಿಕೃಷ್ಣಪ್ಪ ಹಾಕಲಿಲ್ಲ. ಅಲ್ಲಿಂದೀಚೆಗೆ ಪ್ಲೇಟು ಕೂಡಿಸುವುದೇ ಅವನಿಗೆ ಗೀಳಾಯಿತು. ಏರ್ಕಾಡಿನ ಕಾಫಿ ತೋಟದ ದೊರೆಗಳು ಸೀಮೆಗೆ ಹಿಂತಿರುಗುವಾಗ ಹರಾಜಿಗೆ ಹೋಗಿ, ಕುರ್ಚಿ ಮೇಜಿನ ಕಡೆ ಕಣ್ಣೂ ಹಾಯಿಸದೆ ಪ್ಲೇಟುಗಳನ್ನು ಹೊತ್ತು ತರುತ್ತಿದ್ದ. ನೂರರ ಮೇಲಾಗಿದ್ದವು. ಒಂದೊಂದಕ್ಕೂ ಕಾಗದದ ಚೀಲ ಅಂಟಿಸಿ, ಮರದ ಪೆಟ್ಟಿಗೆಯಲ್ಲಿ ನಿಲ್ಲಿಸಿ ಇಟ್ಟಿದ್ದ. ಊರಿನಲ್ಲಿ ಯಾರಿಗೂ ಅವು ಹಿಡಿಸಲಿಲ್ಲ. ಪಕ್ಕದ ಮನೆಯ ಮಲ್ಲಪ್ಪ ಒಂದು ದಿನ ಬಂದು, ಬಾವಿಗೆ ಬೆಕ್ಕೇನಾದರೂ ಬಿದ್ದಿದೆಯೇ ಎಂದು ವಿಚಾರಿಸಿ ಹೋಗಿದ್ದ.

ಗುರುವಾರ ಸಂಜೆ ಮನೆಗೆ ಬಂದವನೇ ಪೆಟ್ಟಿಗೆ ತೆಗೆದ. ಹಸಿರು ಬಟ್ಟೆ ಮಡಿಸಿದ ಹಾಗೇ ಇತ್ತು. ಒಳಗೆ ಪ್ಲೇಟು ಇರಲಿಲ್ಲ.

ಹೆಂಡತಿ ಗೋವಿಂದಮ್ಮ ಒಲೆಯ ಮುಂದೆ ರಾಗಿಹಿಟ್ಟು ತಿರುವುತ್ತಿದ್ದಳು. ಅವನು ಬಟ್ಟೆ ಹಿಡಿದುಕೊಂಡು ಬಂದು ನಿಂತದ್ದನ್ನು ನೋಡಿ, ಕೇಳುವ ಮೊದಲೇ ಹೇಳಿದಳು. ಬೇಸಿಗೆಯಲ್ಲಿ ಅವಳ ತಾಯಿ ದೊಡ್ಡಮುನಿಯಮ್ಮ ಕಾಯಿಲೆಯಾಗಿ ಬಂದು ಇವರ ಮನೆಯಲ್ಲಿ ಮಲಗಿದ್ದಳಲ್ಲ, ಆಗ ಸೇಲಂನ ಒಂದು ಅಂಗಡಿಯವನು ಸೈಕಲ್ಲಿನಲ್ಲಿ ಪ್ಲೇಟು ಹೇರಿಕೊಂಡು ಬಂದಿದ್ದ. ಮೂರು ಹಳೆಯವನ್ನು ಕೊಟ್ಟರೆ ಒಂದು ಹೊಸದು. ಮುದುಕಿಗೆ ದೇವರ ಹಾಡು ಕೇಳುವ ಆಸೆ. ಗೋವಿಂದಮ್ಮ ಸೀಳು ಬಿಟ್ಟಿದ್ದ ಎರಡನ್ನೂ ಇದೊಂದನ್ನೂ ಕೊಟ್ಟು, ದೇವರ ಹಾಡಿನ ಪ್ಲೇಟು ತೆಗೆದುಕೊಂಡಿದ್ದಳು.

"ಇಷ್ಟೊಂದು ಇದ್ವಲ್ಲ, ಅದ್ನೇ ಯಾಕೆ ಕೊಟ್ಟೆ?" ಎಂದ ಮುನಿಕೃಷ್ಣಪ್ಪ.

"ಮಿಕ್ಕಿದ್ದೆಲ್ಲ ನೀವು ಆಕ್ತೀರಿ, ಕೇಳ್ತೀರಿ. ಅದ್ನ ನಾಕು ವರ್ಸದಲ್ಲಿ ಒಂದಿನಾನೂ ಆಕ್ಲಿಲ್ಲ. ಬ್ಯಾಡ್ದಿದ್ದು ಅಂತ ಕೊಟ್ಟೆ."

"ಅದ್ರ ಸುತ್ತ ಬಟ್ಟೆ ಇತ್ತಲ್ಲ."

"ಬಟ್ಟೆ ಕೊಡ್ಲಿಲ್ಲ. ಬಟ್ಟೆ ಚೆನ್ನಾಗೈತೆ."

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದರೆ ಎಲ್ಲೂ ಸಿಗುತ್ತಿರಲಿಲ್ಲ, ಅದೇ ಅವನನ್ನು ಇನ್ನಷ್ಟು ರೇಗಿಸಿತು. ದೇವರ ಹಾಡಿನ ಪ್ಲೇಟಾದರೂ ಎಲ್ಲಿ ಎಂದು ಕೇಳಿದ. ಅಮ್ಮ ವಾಸಿಯಾಗಿ ಊರಿಗೆ ಹೋಗುವಾಗ ತೆಗೆದುಕೊಂಡು ಹೋದಳು ಎಂದಳು. ದೊಡ್ಡಮುನಿಯಮ್ಮನ ಮನೆಯಲ್ಲಿ ಗ್ರಾಮಫೋನೇ ಇರಲಿಲ್ಲ.

ಕಾಗದದಲ್ಲಿದ್ದುದನ್ನು ಅವನು ಓದಿ ಹೇಳಿದಾಗ ಗೋವಿಂದಮ್ಮ ಒಲೆಯಿಂದ ಪಾತ್ರೆ ಇಳಿಸಿಟ್ಟಳು. ಆಮೇಲೆ, ಸತ್ತವಳ ದನಿ ಅದರಲ್ಲಿದೆ ಎಂದು ನಾಲ್ಕು ವರ್ಷದಲ್ಲಿ ಒಂದು ಮಾತು ಹೇಳಿದ್ದರೆ ತಾನು ಅದನ್ನು ಮುಟ್ಟುತ್ತಿದ್ದೆನೇ ಎಂದು ಕೇಳಿದಳು. ಸೈಕಲ್ಲಿನವನ ಮುಖ ತನಗೆ ಗೊತ್ತು, ತಾನೂ ಬರುತ್ತೇನೆ ಎಂದಳು. ಬೇಡವೆಂದು ಎಷ್ಟು ಹೇಳಿದರೂ ಕೇಳದೆ, ಮಕ್ಕಳನ್ನು ಮಲ್ಲಪ್ಪನ ಹೆಂಡತಿಗೆ ಒಪ್ಪಿಸಿ ಬಂದಳು.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಸಣ್ಣ ರೈಲು ಹತ್ತಿದರು. ಅವನ ಕೈಯಲ್ಲಿ ಗ್ರಾಮಫೋನಿನ ಪೆಟ್ಟಿಗೆ. ಪ್ಲೇಟು ಸಿಕ್ಕರೆ ಅದು ಸರಿಯಾಗಿದೆಯೇ ಎಂದು ಅಲ್ಲೇ ಹಾಕಿ ನೋಡಬೇಕಲ್ಲ. ಅಂಗಡಿಯವನು ಸುಮ್ಮನೆ ಕೊಡಲಾರನೆಂದು, ಬದಲಿಗೆ ಕೊಡಲು ತನ್ನ ಸಂಗ್ರಹದಲ್ಲೇ ತೀರ ಸಪ್ಪೆಯಾದ ಆರು ಪ್ಲೇಟುಗಳನ್ನು ಆರಿಸಿ ಚೀಲದಲ್ಲಿ ಹಾಕಿದ್ದ. ಆ ರೈಲು ಧರ್ಮಪುರಿ ದಾಟಿ ಮೊರಪ್ಪೂರು ಸೇರುವುದಕ್ಕೆ ಅರ್ಧ ದಿನ ತೆಗೆದುಕೊಂಡಿತು. ಒಂದು ಕಡೆ ಹಳಿಯ ಮೇಲೆ ಎಮ್ಮೆಗಳು ನಿಂತಿದ್ದವು. ಇನ್ನೊಂದು ಕಡೆ ಡ್ರೈವರ್ ಇಳಿದು ಹೋಗಿ ಯಾರದೋ ಮನೆಯಲ್ಲಿ ಮಜ್ಜಿಗೆ ಕುಡಿದು ಬಂದ. ಮುನಿಕೃಷ್ಣಪ್ಪ ಗಡಿಯಾರ ನೋಡುತ್ತ ಹಲ್ಲು ಕಡಿಯುತ್ತಿದ್ದರೆ, ಗೋವಿಂದಮ್ಮ ಎದುರು ಕೂತವಳ ಜೊತೆ ತಮಿಳಿನಲ್ಲಿ ಮಾತಿಗಿಳಿದು, ಅವಳ ಸೊಸೆಯ ಕತೆಯೆಲ್ಲ ಕೇಳಿ ಮುಗಿಸಿದ್ದಳು.

ಮೊರಪ್ಪೂರಿನಲ್ಲಿ ದೊಡ್ಡ ರೈಲಿಗೆ ಬದಲಾಯಿಸಿ ಸೇಲಂ ಸೇರಿದಾಗ, ಅಂಗಡಿಯಲ್ಲಿ ಸೈಕಲ್ಲಿನವನು ಸಿಕ್ಕಿದ. ಗೋವಿಂದಮ್ಮ ಅವನನ್ನು ಬೆನ್ನಿನಿಂದಲೇ ಗುರುತು ಹಿಡಿದಳು. ಹಳೆಯ ಪ್ಲೇಟುಗಳನ್ನು ನಾವು ಇಟ್ಟುಕೊಳ್ಳುವುದಿಲ್ಲ, ಅರಗಿನ ಬೆಲೆಗೆ ಹಾಕಿಬಿಡುತ್ತೇವೆ ಎಂದು ಅವನು ನಿರುಮ್ಮಳವಾಗಿ ಹೇಳಿದ. ಗ್ರಾಮಫೋನ್ ಪ್ಲೇಟು ಆಗುವುದೇ ಅರಗಿನಿಂದ. ಒಡವೆ ಮಾಡುವವರಿಗೆ ಟೊಳ್ಳಿಗೆ ತುಂಬಲು ಅರಗು ಬೇಕು. ಬೇಸಿಗೆಯ ಮೂಟೆಯನ್ನು ಶೆವ್ವಾಪೇಟೆಯಲ್ಲಿ ಬೆಳ್ಳಿ ಕಾಲ್ಗೆಜ್ಜೆ ಮಾಡುವ ಪೆರುಮಾಳ್ ಎಂಬವನು ಒಯ್ದಿದ್ದ.

ಹಾಡನ್ನು ಕರಗಿಸಿ ಕಾಲ್ಗೆಜ್ಜೆಗೆ ತುಂಬುತ್ತಾರೆಂಬುದು ಮುನಿಕೃಷ್ಣಪ್ಪನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಶೆವ್ವಾಪೇಟೆಯ ಗಲ್ಲಿಗಳಲ್ಲಿ ಸುತ್ತಿಗೆಯ ಸದ್ದಿನ ನಡುವೆ ಬಿರಬಿರನೆ ನಡೆಯುತ್ತ, ಎದುರಿಗೆ ಸಿಕ್ಕ ಹೆಂಗಸರ ಕಾಲನ್ನೆಲ್ಲ ನೋಡುತ್ತ ಹೋದ. ಹಾಗೆ ನೋಡಬೇಡಿ, ಹೊಡೆತ ತಿನ್ನುತ್ತೀರಿ ಎಂದು ಗೋವಿಂದಮ್ಮ ಹಿಂದಿನಿಂದ ಎಚ್ಚರಿಸಿದಳು.

ಪೆರುಮಾಳ್ ಅವರಿಗಿಂತ ಹೆಚ್ಚು ರೇಗಿದ್ದ. ಆ ಅಂಗಡಿಯವನು ತನಗೆ ಮೋಸ ಮಾಡಿದನೆಂದು ಅರ್ಧ ಗಂಟೆ ದೂರಿದ. ಪ್ಲೇಟಿನ ಅರಗಿನಲ್ಲಿ ಬರೀ ಕಲ್ಲುಪುಡಿ, ಒಲೆಯ ಮೇಲಿಟ್ಟರೆ ಬೀದಿಯೆಲ್ಲ ನಾತ. ನಾಲ್ಕೈದು ಕರಗಿಸಿ ಸೋತು, ಉಳಿದದ್ದನ್ನು ಹಿತ್ತಲಿಗೆ ಎಸೆದಿದ್ದ. ಹಿತ್ತಲಲ್ಲಿ ನೋಡಿದರೆ ಕೋಳಿಗೂಡಿನ ಮೇಲೆ ಹೆಂಚಿನ ಬದಲು ಪ್ಲೇಟುಗಳು. ಬಿಸಿಲಿಗೆ ಬಾಗಿ ಅಲೆ ಅಲೆಯಾಗಿದ್ದವು. ಮುನಿಕೃಷ್ಣಪ್ಪ ಕೋಳಿಗೂಡಿನ ಮೇಲೆ ಬಗ್ಗಿ ಒಂದೊಂದರ ಚೀಟಿಯನ್ನೂ ಉಗುಳು ಹಚ್ಚಿ ಒರೆಸಿ ಓದಿದ. ತಾನು ಹುಡುಕುತ್ತಿದ್ದದ್ದು ಇರಲಿಲ್ಲ.

ಬಿಳಿ ಚೀಟಿಯ ಮೇಲೆ ಕೈಯಲ್ಲಿ ಬರೆದದ್ದು ಎಂದ ಮೇಲೆ ಪೆರುಮಾಳನಿಗೆ ನೆನಪಾಯಿತು. ತಾರಮಂಗಲದಲ್ಲಿರುವ ತನ್ನ ಭಾವಮೈದುನ ಅದನ್ನು ತೆಗೆದುಕೊಂಡು ಹೋದ ಎಂದ. ನಾಗಸ್ವರ ಊದುವವನು, ಹೆಸರು ಮುತ್ತುಸ್ವಾಮಿ, ಸ್ವಲ್ಪ ತಿಕ್ಕಲು.

ಆ ದಿನ ಗೋವಿಂದಮ್ಮನ ಸೋದರತ್ತೆಯ ಮನೆಯಲ್ಲಿ ಉಳಿದು, ಶನಿವಾರ ಬಸ್ಸು ಹತ್ತಿದರು. ಬಸ್ಸಿನಲ್ಲಿ ಗ್ರಾಮಫೋನಿನ ಪೆಟ್ಟಿಗೆಯನ್ನು ಮೇಲೆ ಕಟ್ಟಬೇಕೆಂದು ಕಂಡಕ್ಟರ್ ಹಟ ಹಿಡಿದ. ಮುನಿಕೃಷ್ಣಪ್ಪ ತಾನೂ ಮೇಲೆ ಕೂರುತ್ತೇನೆ ಎಂದ. ಕೊನೆಗೆ ಪೆಟ್ಟಿಗೆ ಗೋವಿಂದಮ್ಮನ ತೊಡೆಯ ಮೇಲೆ ಪ್ರಯಾಣ ಮಾಡಿತು.

ತಾರಮಂಗಲದಲ್ಲಿ ಮುತ್ತುಸ್ವಾಮಿಯ ಮನೆ ಯಾವುದೆಂದು ಕೇಳಬೇಕಾಗಲಿಲ್ಲ. ದೇವಸ್ಥಾನದ ಹಿಂದಿನ ಬೀದಿಗೆ ತಿರುಗುತ್ತಿದ್ದ ಹಾಗೇ ಮುನಿಕೃಷ್ಣಪ್ಪ ನಿಂತುಬಿಟ್ಟ. ಯಾರೋ ನಾಗಸ್ವರದಲ್ಲಿ ಮೆಟ್ಟೂರು ಕ್ಲಬ್ಬಿನ ಹಾಡು ನುಡಿಸುತ್ತಿದ್ದರು. ಶನಿವಾರದ ಸಂಜೆಗಳಲ್ಲಿ ಲೋಬೋ ಊದುತ್ತಿದ್ದುದೇ. ದಾರಿ ತಪ್ಪಿ ಅಲೆದು ಬಾಗಿಲಿಗೆ ಬಂದು ನಿಲ್ಲುವ ಜಾಗವೂ ಹಾಗೆಯೇ ಇತ್ತು.

ಮುತ್ತುಸ್ವಾಮಿ ಐವತ್ತು ದಾಟಿದ, ಸಣಕಲು ಮೈಯ ಮನುಷ್ಯ. ಬಂದವರಿಗೆ ಚಾಪೆ ಹಾಸಿ, ಪ್ಲೇಟು ತಂದು ತೋರಿಸಿದ. ಅದನ್ನು ನೋಡಿ ಮುನಿಕೃಷ್ಣಪ್ಪನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಾಲ್ಕು ವರ್ಷ ಅವನು ಉಸಿರು ತಾಗಿಸದೆ ಇಟ್ಟಿದ್ದ ಪ್ಲೇಟಿನ ಒಂದು ಮುಖ ನಾಲ್ಕೇ ತಿಂಗಳಲ್ಲಿ ಬೂದಿ ಬಣ್ಣಕ್ಕೆ ತಿರುಗಿತ್ತು. ದಿನಕ್ಕೆ ಎಷ್ಟು ಸಲ ಹಾಕುತ್ತೀರಿ ಎಂದು ತಮಿಳಿನಲ್ಲಿ ಕೇಳಿದ. ಬೆಳಿಗ್ಗೆ ಹತ್ತು, ಸಂಜೆ ಹತ್ತು ಎಂದ ಮುತ್ತುಸ್ವಾಮಿ. ಗ್ರಾಮಫೋನಿನ ಮುಳ್ಳು ಎಷ್ಟು ಸಲಕ್ಕೊಮ್ಮೆ ಬದಲಾಯಿಸುತ್ತೀರಿ ಎಂದು ಕೇಳಿದ. ಮುಳ್ಳನ್ನು ಬದಲಾಯಿಸಬೇಕು ಎಂಬುದು ಮುತ್ತುಸ್ವಾಮಿಗೆ ಹೊಸ ವಿಷಯ.

ಇನ್ನೊಂದು ಮುಖ? ಅದರಲ್ಲಿ ಯಾರೋ ಅಮ್ಮ ಹಾಡುತ್ತಾಳೆ, ಊದುವುದು ಏನೂ ಇಲ್ಲ, ಒಂದು ಸಲ ಹಾಕಿ ಬಿಟ್ಟೆ ಎಂದ.

ಮುನಿಕೃಷ್ಣಪ್ಪ ತಿರುಗಿಸಿ ನೋಡಿದ. ಆ ಮುಖ ಕಾಡಿಗೆಯ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ತನ್ನ ಗ್ರಾಮಫೋನಿಗೆ ಹೊಸ ಮುಳ್ಳು ಹಾಕಿ, ಕೀಲಿ ಕೊಟ್ಟು, ಲೋಬೋ ಬೇಡವೆಂದಿದ್ದನ್ನು ಮೊದಲ ಸಲ ಮಾಡಿದ. ಪಿಯಾನೋದ ಹಿಂದೆ ಲೋಬೋ ಅವರ ಹೆಂಡತಿಯ ಧ್ವನಿ ಬಂತು. ಸ್ವಲ್ಪ ಒಡಕಿನ, ನಗುವಿಗೆ ಹತ್ತಿರದ ಧ್ವನಿ. ಕೊನೆಯಲ್ಲಿ ಹಾಡು ಮುಗಿಯಿತೆಂದುಕೊಂಡು ಆಕೆ ಯಾರಿಗೋ ಏನೋ ಒಂದು ಮಾತು ಹೇಳಿದ್ದೂ ಅದರಲ್ಲಿ ಉಳಿದಿತ್ತು. ಗೋವಿಂದಮ್ಮ ಸೆರಗನ್ನು ಬಾಯಿಗೆ ಹಿಡಿದು ಕೇಳುತ್ತಿದ್ದಳು. ಮುಗಿದ ಮೇಲೆ, ಇಷ್ಟು ದಿನ ಇದನ್ನು ಪೆಟ್ಟಿಗೆಯಲ್ಲಿ ಹೂತಿಟ್ಟಿದ್ದಿರಲ್ಲ ಎಂದಷ್ಟೇ ಅಂದಳು.

ಮುತ್ತುಸ್ವಾಮಿ ಪ್ಲೇಟು ಕೊಡಲು ಒಪ್ಪಲಿಲ್ಲ. ಮಗುವಿನ ಕತೆ ಕೇಳಿ ಅವನಿಗೂ ಮನಸ್ಸು ಕರಗಿತು, ಆದರೆ ಆ ಹಾಡಿನಲ್ಲಿ ಇಪ್ಪತ್ತು ಮಾತ್ರೆಗಳ ಒಂದು ತಿರುವು ತನಗಿನ್ನೂ ಕೈಗೆ ಬಂದಿಲ್ಲ, ಇನ್ನೊಂದು ತಿಂಗಳು ಬಿಟ್ಟು ಬನ್ನಿ ಎಂದ. ನಾಳೆ ಬೆಳಿಗ್ಗೆ ಗಾಡಿ ಎಂದರೆ, ಮಗು ಎಲ್ಲಿಗೆ ಓಡಿಹೋಗುತ್ತದೆ ಎಂದ. ಮುನಿಕೃಷ್ಣಪ್ಪ ಚೀಲದಿಂದ ಆರು ಪ್ಲೇಟುಗಳನ್ನು ತೆಗೆದಿಟ್ಟ. ಮುತ್ತುಸ್ವಾಮಿ ಆರನ್ನೂ ಕೊನೆಯವರೆಗೆ ಕೇಳಿದ. ಮರ್ಯಾದಸ್ಥ, ನಡುವೆ ನಿಲ್ಲಿಸಲಿಲ್ಲ. ಆರನೆಯದು ಮುಗಿದ ಮೇಲೆ ಎಲ್ಲವನ್ನೂ ಜೋಡಿಸಿ ಹಿಂದಕ್ಕೆ ತಳ್ಳಿ, ಇದರಲ್ಲಿ ಯಾರಿಗೂ ಉಸಿರೇ ಇಲ್ಲ ಎಂದ. ಅದು ನಿಜವಾಗಿದ್ದರಿಂದ ಮುನಿಕೃಷ್ಣಪ್ಪ ಅವನ್ನು ಮತ್ತೆ ಚೀಲಕ್ಕೆ ತುಂಬಿದ.

ಆಗ ಮುತ್ತುಸ್ವಾಮಿಯ ಕಣ್ಣು ಗ್ರಾಮಫೋನಿನ ಮುಚ್ಚಳದ ಒಳಗಿದ್ದ ಜೇಬಿಗೆ ಹೋಯಿತು. ಅಲ್ಲೊಂದು ಪ್ಲೇಟಿತ್ತು. ಮುನಿಕೃಷ್ಣಪ್ಪ ಅದನ್ನು ಸದಾ ಅಲ್ಲೇ ಇಡುತ್ತಿದ್ದ. ಏರ್ಕಾಡಿನಲ್ಲಿ ಸಿಕ್ಕಿದ್ದು. ಅಮೆರಿಕದ ಯಾರೋ ಕರಿಯ ವಾದಕನ ಕ್ಲಾರಿನೆಟ್. ಅದನ್ನು ಕೇಳಿದರೆ ಇಡೀ ದಿನದ ಗಿರಣಿಯ ಗದ್ದಲ ಕಿವಿಯಿಂದ ಇಳಿದುಹೋಗುತ್ತಿತ್ತು. ಅದು ಬೇಡ, ಅದು ನನ್ನದು ಎಂದ. ಆದರೆ ಗೋವಿಂದಮ್ಮ ಆಗಲೇ ತೆಗೆದು ಮುತ್ತುಸ್ವಾಮಿಯ ಕೈಗೆ ಕೊಟ್ಟಿದ್ದಳು.

ಹಾಡು ಶುರುವಾಗಿ ಅರ್ಧ ನಿಮಿಷಕ್ಕೆ ಮುತ್ತುಸ್ವಾಮಿ ಎದ್ದು ನಿಂತ. ಮುಗಿಯುವವರೆಗೂ ಕೂರಲಿಲ್ಲ.

"ಕೊಟ್ಬುಡಿ," ಎಂದಳು ಗೋವಿಂದಮ್ಮ ಕನ್ನಡದಲ್ಲಿ, ಮೆಲ್ಲಗೆ.

"ನಿಂಗೇನು ಗೊತ್ತೈತೆ ಅದೇನು ಅಂತ?"

"ಗೊತ್ತೈತೆ. ನೀವು ದಿನಾ ಕೇಳ್ತೀರಿ, ನಾನೂ ಒಲೆ ಮುಂದೆ ಕೂತು ಕೇಳಿವ್ನಿ. ಆ ಮಗ ಅವ್ಳಮ್ಮನ್ನ ಒಂದ್ಸಲಾನೂ ಕೇಳಿಲ್ಲ."

ಅವನಿಗೆ ಮುತ್ತುಸ್ವಾಮಿಯ ಮೇಲೆ, ಹೆಂಡತಿಯ ಮೇಲೆ, ಅತ್ತೆಯ ಮೇಲೆ, ಸೈಕಲ್ಲಿನವನ ಮೇಲೆ, ಲೋಬೋ ಅವರ ಮೇಲೂ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಕೊಡಲಾರೆ ಎಂದು ಹೇಳಲು ಬಾಯಿ ಬಾರದ ತನ್ನ ಮೇಲೆ ಬಂತು. ಆ ಪ್ಲೇಟನ್ನೂ ಮುಳ್ಳಿನ ಡಬ್ಬಿಯನ್ನೂ ಮುತ್ತುಸ್ವಾಮಿಯ ಮುಂದಿಟ್ಟು, ಒಂದು ಸಲಕ್ಕೆ ಒಂದು ಮುಳ್ಳು, ಒಂದೇ ಸಲಕ್ಕೆ ಎಂದು ಅವನ ಬಾಯಲ್ಲಿ ಮೂರು ಬಾರಿ ಹೇಳಿಸಿದ. ತನಗೆಂದು ಎರಡೇ ಮುಳ್ಳು ಉಳಿಸಿಕೊಂಡ.

ಭಾನುವಾರ ಗಾಡಿ ಜಂಕ್ಷನ್ನಿಗೆ ಮುಕ್ಕಾಲು ಗಂಟೆ ತಡವಾಗಿ ಬಂತು. ತಡವಾಗಿದ್ದರಿಂದ ಇಪ್ಪತ್ತು ನಿಮಿಷ ನಿಲ್ಲುವುದಿಲ್ಲ, ಹತ್ತೇ ಎಂದು ಪೋರ್ಟರ್ ಹೇಳಿದ. ಲೋಬೋ ಇಳಿದು ಬಂದರು. ತಲೆ ನರೆತಿತ್ತು. ಹುಡುಗಿ ತೆಳ್ಳಗೆ, ಬಿಳಿ ಸಾಕ್ಸ್ ಹಾಕಿಕೊಂಡು, ಅಪ್ಪನ ಬೆರಳು ಹಿಡಿದು ನಿಂತಿದ್ದಳು. ಮುನಿಕೃಷ್ಣಪ್ಪ ಹಸಿರು ಬಟ್ಟೆ ಬಿಚ್ಚಿ ಪ್ಲೇಟು ತೋರಿಸಿದ. ಲೋಬೋ ಅದನ್ನು ಮುಟ್ಟಲಿಲ್ಲ. ಇಲ್ಲೇ ಹಾಕಬಹುದೇ ಎಂದು ಗ್ರಾಮಫೋನಿನ ಪೆಟ್ಟಿಗೆ ನೋಡುತ್ತ ಕೇಳಿದರು. ಬೋರ್ಡಿಂಗ್ ಶಾಲೆಯಲ್ಲಿ ಗ್ರಾಮಫೋನ್ ಇದೆಯೋ ಇಲ್ಲವೋ ಗೊತ್ತಿಲ್ಲ ಎಂದರು.

ಕಲ್ಲುಬೆಂಚಿನ ಮೇಲೆ ಪೆಟ್ಟಿಗೆ ತೆರೆದ. ಕೀಲಿ ಕೊಡುವಷ್ಟರಲ್ಲಿ ಸುತ್ತ ಇಪ್ಪತ್ತು ಜನ ಸೇರಿದರು. ಹಾಡು ಶುರುವಾದದ್ದೇ ಕಾಫಿ ಮಾರುವವನು ಬಂದು ಪಕ್ಕದಲ್ಲೇ ಕೂಗತೊಡಗಿದ. ಇಂಜಿನ್ ಆವಿ ಬಿಟ್ಟಿತು. ಯಾರೋ ಒಬ್ಬ ಮುನಿಕೃಷ್ಣಪ್ಪನ ಭುಜ ತಟ್ಟಿ, ದೇವರ ಹಾಡು ಇಲ್ಲವೇ ಎಂದು ಕೇಳಿದ. ಹುಡುಗಿಗೆ ಏನೂ ಕೇಳಿಸುತ್ತಿಲ್ಲ ಎಂಬುದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು. ಮುನಿಕೃಷ್ಣಪ್ಪ ಮುಳ್ಳೆತ್ತಿ, ಇದ್ದೊಂದು ಹೊಸ ಮುಳ್ಳನ್ನು ಹಾಕಿ, ಮೊದಲಿನಿಂದ ಇಟ್ಟ. ಗೋವಿಂದಮ್ಮ ಜನರನ್ನು ಮೊಣಕೈಯಿಂದ ಹಿಂದೆ ತಳ್ಳಿ, ಕಾಫಿಯವನನ್ನು ಸುಮ್ಮನಾಗಿಸಿ, ಹುಡುಗಿಯನ್ನು ಎತ್ತಿ ಬೆಂಚಿನ ಮೇಲೆ ಕೂರಿಸಿ, ಅವಳ ಕಿವಿಯನ್ನು ಪೆಟ್ಟಿಗೆಗೆ ಹತ್ತಿರ ಮಾಡಿ, ತನ್ನ ಸೆರಗನ್ನು ಹುಡುಗಿಯ ಮೇಲೂ ಪೆಟ್ಟಿಗೆಯ ಮೇಲೂ ಡೇರೆಯ ಹಾಗೆ ಹರಡಿದಳು.

ಸೆರಗಿನ ಒಳಗೆ ಏನಾಯಿತೆಂದು ಮುನಿಕೃಷ್ಣಪ್ಪನಿಗೆ ಕಾಣಲಿಲ್ಲ. ಲೋಬೋ ಅವನ ಹತ್ತಿರ ಬಂದು, ಪ್ಲೇಟಿನ ಇನ್ನೊಂದು ಮುಖ ಯಾಕೆ ಹಾಗೆ ಬೂದಿಯಾಗಿದೆ ಎಂದು ಕೇಳಿದರು. ಸುಳ್ಳು ಹೇಳಲು ಹೊತ್ತಿರಲಿಲ್ಲ, ತಾರಮಂಗಲದ ಕತೆಯನ್ನು ಚುಟುಕಾಗಿ ಹೇಳಿದ.

"ನನ್ನ ಕ್ಲಾರಿನೆಟ್ಟನ್ನು? ದಿನಕ್ಕೆ ಇಪ್ಪತ್ತು ಸಲ?" ಎಂದರು ಲೋಬೋ ಇಂಗ್ಲಿಷಿನಲ್ಲಿ. ಅವರು ನಗುತ್ತಿದ್ದರೋ ಏನೋ, ಮುಖವನ್ನು ಇಂಜಿನ್ನಿನ ಕಡೆಗೆ ತಿರುಗಿಸಿಕೊಂಡಿದ್ದರು.

ಗಾರ್ಡ್ ಸೀಟಿ ಊದಿದ. ಗೋವಿಂದಮ್ಮ ಸೆರಗು ತೆಗೆದಾಗ ಹುಡುಗಿ ಕೆಂಪಾಗಿ ಬೆವರಿದ್ದಳು. ಅಮ್ಮ ಕೊನೆಯಲ್ಲಿ ಯಾರಿಗೆ ಏನು ಹೇಳಿದ್ದು ಎಂದು ಅಪ್ಪನನ್ನು ಕೇಳಿದಳು. ನನಗೇ, ಆಮೇಲೆ ಹೇಳುತ್ತೇನೆ ಎಂದರು ಲೋಬೋ. ಗಾಡಿ ಕದಲುವಾಗ ಮುನಿಕೃಷ್ಣಪ್ಪ ಪ್ಲೇಟಿನ ಜೊತೆಗೆ ಗ್ರಾಮಫೋನನ್ನೂ ಕಿಟಕಿಯೊಳಗೆ ತುರುಕಿಬಿಟ್ಟ. ಯಾಕೆ ಹಾಗೆ ಮಾಡಿದನೆಂದು ಅವನಿಗೂ ಗೊತ್ತಿರಲಿಲ್ಲ. ಗಾಡಿ ಹೋದ ಮೇಲೆ, ಕೀಲಿ ತನ್ನ ಜೇಬಿನಲ್ಲೇ ಉಳಿದಿರುವುದು ತಿಳಿಯಿತು. ತಲೆ ಚಚ್ಚಿಕೊಂಡು, ಅಂದೇ ಸೇಲಂನ ಮುಚ್ಚಿದ ಅಂಚೆ ಕಚೇರಿಯ ಮುಂದೆ ನಿಂತು ಭಾನುವಾರವನ್ನು ಶಪಿಸಿ, ಮರುದಿನ ಪಾಲಕೋಡಿನಿಂದ ಕೀಲಿಯನ್ನು ರಿಜಿಸ್ಟರ್ ಮಾಡಿ ಕಳಿಸಿದ.

ಮೂರು ವಾರದ ನಂತರ ಲೋಬೋ ಅವರಿಂದ ಒಂದು ಕಾರ್ಡು ಬಂತು. ಶಾಲೆಯ ಸಿಸ್ಟರ್ ಒಪ್ಪಿದ್ದಾರೆ, ಭಾನುವಾರಕ್ಕೊಂದು ಸಲ ಪ್ಲೇಟು ಹಾಕಿಸುತ್ತಾರೆ. ನಾನು ಕ್ಲಾರಿನೆಟ್ಟನ್ನು ಅಟ್ಟದಿಂದ ಇಳಿಸಿದ್ದೇನೆ, ಆದರೆ ನಾಲ್ಕು ವರ್ಷದಲ್ಲಿ ಅದರ ತುಂಡುಗಳನ್ನು ಜೋಡಿಸುವ ಬೆಂಡಿನ ಬಿರಟೆಗಳೆಲ್ಲ ಒಣಗಿಹೋಗಿವೆ. ತಾರಮಂಗಲದ ಆ ಮನುಷ್ಯನಿಗೆ ಇಂಥವನ್ನು ರಿಪೇರಿ ಮಾಡುವವರು ಯಾರಾದರೂ ಗೊತ್ತೇ, ದಯವಿಟ್ಟು ಹೋಗಿ ವಿಚಾರಿಸುತ್ತೀಯಾ?

ಮುನಿಕೃಷ್ಣಪ್ಪ ಕಾರ್ಡನ್ನು ಹೆಂಡತಿಗೆ ಓದಿ ಹೇಳಿದ. ಹೇಳಿ, ತಾನೇನು ಇವರೆಲ್ಲರ ಕೂಲಿಯಾಳೇ, ಮನೆಯಲ್ಲಿ ನೂರು ಪ್ಲೇಟು ಇವೆ, ಹಾಕಿ ಕೇಳಲು ಒಂದು ಪೆಟ್ಟಿಗೆ ಇಲ್ಲ ಎಂದು ಗೊಣಗಿದ. ಆಮೇಲೆ ಲೋಬೋ ಅವರಿಗೆಂದು ಒಂದು ಕಾರ್ಡು ತೆಗೆದುಕೊಂಡು ಮುತ್ತುಸ್ವಾಮಿಯ ವಿಳಾಸವನ್ನು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದ. ನೀವಿಬ್ಬರೂ ನೇರವಾಗಿ ಮಾತಾಡಿಕೊಳ್ಳಿ, ನನ್ನನ್ನು ಇದರಿಂದ ಬಿಟ್ಟುಬಿಡಿ ಎಂದು ಕೆಳಗೆ ಸೇರಿಸಬೇಕೆಂದಿದ್ದ. ಅದನ್ನು ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಹೇಗೆ ಹೇಳುವುದೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಹಾಗಾಗಿ ಬರೆಯಲಿಲ್ಲ.